‘ಅಪ್’ ಎಷ್ಟು, ‘ಔಟ್’ ಎಷ್ಟು

ಇಂಗ್ಲಿಷಿನ ಗಂಧಗಾಳಿ ಇಲ್ಲದವರ ಕನ್ನಡದಲ್ಲೂ ‘ಅಪ್’ ಧಾರಾಳವಾಗಿದೆ. ಗಾಡಿಗೆ ಪಿಕಪ್ ಇಲ್ಲ ಎಂದು ಮೆಕ್ಯಾನಿಕ್ ಹತ್ತಿರ ಗೊಣಗುತ್ತೇವೆ. ಮದುಮಗಳಿಗೆ ಮೇಕಪ್, ಕಳ್ಳನಿಗೆ ಲಾಕಪ್, ಅಜ್ಜನಿಗೆ ವರ್ಷಕ್ಕೊಮ್ಮೆ ಚೆಕಪ್. ಸಿನಿಮಾದವರು ಗೆಟಪ್ ಬದಲಿಸುತ್ತಾರೆ, ದಿನದ ಕೆಲಸ ಮುಗಿದರೆ ಪ್ಯಾಕಪ್ ಅನ್ನುತ್ತಾರೆ. ಇಲ್ಲದ ದೊಡ್ಡಸ್ತಿಕೆ ತೋರಿಸುವವನು ಬಿಲ್ಡಪ್ ಕೊಡುತ್ತಾನೆ. ಬೆಂಗಳೂರಿನ ತುಂಬ ಸ್ಟಾರ್ಟಪ್, ಫೋನಿನ ತುಂಬ ಬ್ಯಾಕಪ್, ಹಾಸ್ಟೆಲಿನ ತುಂಬ ಬ್ರೇಕಪ್. ‘ಔಟ್’ ಕಡೆ ತಿರುಗಿದರೆ ಲೇಔಟು, ಕಟೌಟು, ಪ್ರಿಂಟೌಟು. ಇವನ್ನೆಲ್ಲ ನಾವು ಇಡಿಯಾಗಿ, ನಾಮಪದಗಳಾಗಿ ತಂದುಕೊಂಡೆವು. ಕ್ರಿಯಾಪದ ಬೇಕೆನಿಸಿದಾಗ ನಮ್ಮ ‘ಮಾಡು’, ‘ಆಗು’, ‘ಕೊಡು’ ಅಂಟಿಸಿಕೊಂಡೆವು. ಹಾಗಾಗಿ ಒಳಗಿನ ಬೆಸುಗೆ ನಮ್ಮ ಕಣ್ಣಿಗೆ ಬೀಳಲಿಲ್ಲ.

ಪೇಟೆಗೆ ಬಂದ ಈ ಇಪ್ಪತ್ತು ಮೂವತ್ತು ಸಾಮಾನು ನೋಡಿ ಹಿಂದಿನ ಗೋದಾಮು ಎಷ್ಟು ದೊಡ್ಡದೆಂದು ಅಂದಾಜು ಮಾಡುವುದು ಕಷ್ಟ. ಅಂದಾಜು ಸಿಗುವುದು ಇಂಗ್ಲಿಷನ್ನು ಗಂಭೀರವಾಗಿ ಕಲಿಯಲು ಕೂತಾಗ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ‘ಗಿವ್ ಅಪ್’ ಎಂದರೆ ಕೈಚೆಲ್ಲು. ‘ಪುಟ್’ ಎಂದರೆ ಇಡು. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಶಾಲೆಯಲ್ಲಿ ಇವಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಹೆಸರನ್ನು 1925ರಲ್ಲಿ ಪುಸ್ತಕಕ್ಕೆ ತಂದವರು ಲೋಗನ್ ಪಿಯರ್ಸಾಲ್ ಸ್ಮಿತ್. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. ಕ್ರಿಯಾಪದದ ಹಿಂದೆ ಬರುವ ಆ ಪುಟ್ಟ ಪದಕ್ಕೆ ವ್ಯಾಕರಣದವರು ಪಾರ್ಟಿಕಲ್ ಅನ್ನುತ್ತಾರೆ. ನಾನು ಬಾಲ ಅನ್ನುತ್ತೇನೆ, ಬರೆಯಲಿಕ್ಕೂ ಹಗುರ.

ಎಣಿಕೆಯಿಂದಲೇ ಶುರು ಮಾಡೋಣ. 1990ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಪಠ್ಯಭಂಡಾರ ಕಟ್ಟಿದರು. ಕಾದಂಬರಿ, ಪತ್ರಿಕೆ, ಪತ್ರ, ಪಾಠಪುಸ್ತಕ, ಜನ ಆಡಿದ ಮಾತು ಎಲ್ಲ ಸೇರಿ 10 ಕೋಟಿ ಪದ. 2007ರಲ್ಲಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಇಬ್ಬರು ವಿದ್ವಾಂಸರು ಅದನ್ನು ಕಂಪ್ಯೂಟರಿನಲ್ಲಿ ಜಾಲಾಡಿ ಫ್ರೇಸಲ್ ವರ್ಬುಗಳನ್ನು ಎಣಿಸಿದರು. ಸಿಕ್ಕಿದ್ದು 5,18,923. ಭಾಗಿಸಿದರೆ ಸುಮಾರು 190 ಪದಕ್ಕೆ ಒಂದರಂತೆ. ಒಂದು ಲಕ್ಷ ಪದದ ಕಾದಂಬರಿಯೊಂದನ್ನು ಓದುವವನು ಐನೂರಕ್ಕೂ ಹೆಚ್ಚು ಸಲ ಇವನ್ನು ದಾಟಬೇಕು. ಅದೂ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು 16 ಬಾಲಗಳನ್ನಷ್ಟೇ; ‘ಲುಕ್ ಆಫ್ಟರ್’ನಂಥವು ಆ ಜರಡಿಯಲ್ಲಿ ನಿಂತಿಲ್ಲ.

ಐದು ಲಕ್ಷ ಎಂಬುದು ಬಂದುಹೋದ ಸಲಗಳ ಸಂಖ್ಯೆ. ಬೇರೆಬೇರೆ ಜೋಡಿ ಎಷ್ಟು? 12,508. ದಿನಕ್ಕೆ ಐದರಂತೆ, ಹಬ್ಬಹುಣ್ಣಿಮೆಗೂ ಬಿಡದೆ ಬಾಯಿಪಾಠ ಮಾಡಿದರೆ ಆರು ವರ್ಷ ಹತ್ತು ತಿಂಗಳು ಬೇಕು. ಒಂದನೇ ತರಗತಿಯಲ್ಲಿ ಶುರು ಮಾಡಿದ ಮಗು ಎಂಟನೆಯದಕ್ಕೆ ಹೋಗುವ ಹೊತ್ತಿಗೆ ಮುಗಿಯುತ್ತದೆ. ಮುಗಿಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ, ಯಾಕೆಂದರೆ ಒಂದೊಂದಕ್ಕೂ ಒಂದೊಂದೇ ಅರ್ಥವಿಲ್ಲ. ಅತಿ ಹೆಚ್ಚು ಬಳಕೆಯ 100 ಜೋಡಿಗಳನ್ನು ಆಯ್ದು ವರ್ಡ್‌ನೆಟ್ ಎಂಬ ಪದಕೋಶದೊಂದಿಗೆ ತಾಳೆ ನೋಡಿದಾಗ ಅವರಿಗೆ ಸಿಕ್ಕ ಅರ್ಥಗಳು 559. ತಲೆಗೆ ಐದೂವರೆಗಿಂತ ಜಾಸ್ತಿ.

‘ಪಿಕ್ ಅಪ್’ ಒಂದನ್ನೇ ತೆಗೆದುಕೊಳ್ಳಿ. ನೆಲದ ಮೇಲಿನ ಪೆನ್ನನ್ನು ಎತ್ತಿಕೊಳ್ಳುವುದು, ಸ್ಟೇಷನ್ನಿಗೆ ಹೋಗಿ ನೆಂಟರನ್ನು ಕರೆದುಕೊಂಡು ಬರುವುದು, ದಾರಿಯಲ್ಲಿ ಹಾಲಿನ ಪ್ಯಾಕೆಟ್ ಕೊಂಡು ತರುವುದು, ಫೋನ್ ಎತ್ತುವುದು, ಬೀದಿಯಲ್ಲಿ ಆಡುತ್ತ ಆಡುತ್ತ ತಮಿಳು ಕಲಿತುಬಿಡುವುದು, ರೇಡಿಯೋ ದೂರದ ಸ್ಟೇಷನ್ ಹಿಡಿಯುವುದು, ನಾಯಿ ವಾಸನೆ ಹಿಡಿಯುವುದು, ಪೊಲೀಸರು ಆಸಾಮಿಯನ್ನು ಹಿಡಿದೊಯ್ಯುವುದು, ಗಾಳಿ ಜೋರಾಗುವುದು, ಬಿದ್ದಿದ್ದ ವ್ಯಾಪಾರ ಚೇತರಿಸಿಕೊಳ್ಳುವುದು, ಹೋಟೆಲಿನಲ್ಲಿ ಎಲ್ಲರ ಬಿಲ್ಲನ್ನೂ ತಾನೇ ಕೊಡುವುದು. ನಾವು ಎರವಲು ತಂದ ಪಿಕಪ್ ಕೂಡ ಇಲ್ಲಿಗೆ ಬಂದ ಮೇಲೆ ಸುಮ್ಮನೆ ಕೂತಿಲ್ಲ. ಗಾಡಿಯ ಜೋರಿಗೂ ಅದೇ, ಆಫೀಸಿನ ಕ್ಯಾಬ್ ಮನೆ ಬಾಗಿಲಿಗೆ ಬರುವುದಕ್ಕೂ ಅದೇ, ಟೊಮೇಟೊ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವ ಸಣ್ಣ ಗಾಡಿಗೂ ಅದೇ ಹೆಸರು. ಸಾಲದ್ದಕ್ಕೆ ಎರಡನೇ ವಾರದಲ್ಲಿ ಸಿನಿಮಾ ‘ಪಿಕಪ್ ಆಯ್ತು’.

ಇಷ್ಟಕ್ಕೇ ಎದೆಗುಂದಿ ಪುಸ್ತಕ ಮುಚ್ಚುವವರಿಗೆ ಅದೇ ಲೆಕ್ಕದ ಇನ್ನೊಂದು ಮಗ್ಗುಲಿದೆ. ಆ 12,508ರಲ್ಲಿ ಮೊದಲ ನೂರು ಜೋಡಿಗಳೇ ಒಟ್ಟು ಬಳಕೆಯ ಅರ್ಧಕ್ಕೂ ತುಸು ಹೆಚ್ಚನ್ನು ಹೊತ್ತಿವೆ. ನೂರು ಎಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಇನ್ನೂ ಬಿಗಿಯಾಗಿ ಹೇಳುವುದಾದರೆ ಇಪ್ಪತ್ತು ಕ್ರಿಯಾಪದಗಳು, ಎಂಟು ಬಾಲಗಳು ಸಾಕು. ಗೋ, ಕಮ್, ಟೇಕ್, ಗೆಟ್, ಸೆಟ್, ಟರ್ನ್, ಬ್ರಿಂಗ್, ಪುಟ್, ಮೇಕ್, ಗಿವ್, ಹೋಲ್ಡ್, ಎಲ್ಲ ಪ್ರೈಮರಿ ಶಾಲೆಯ ಮಗುವಿಗೂ ಗೊತ್ತಿರುವ ಪದಗಳು. ಇವನ್ನು ಎಂಟು ಬಾಲಗಳಿಗೆ ಗುಣಿಸಿದರೆ 160 ಮನೆಗಳ ಒಂದು ಕೋಷ್ಟಕ. ಹತ್ತು ಕೋಟಿ ಪದಗಳಲ್ಲಿ ಹರಡಿದ ಐದು ಲಕ್ಷ ಬಳಕೆಗಳ ಅರ್ಧ ಭಾಗ ಆ 160 ಮನೆಗಳಲ್ಲೇ ಒಕ್ಕಲು. 2011ರಲ್ಲಿ ಡಿಲಿನ್ ಲಿಯು 150 ಜೋಡಿಗಳ ಪಟ್ಟಿ ಮಾಡಿದರು. 2015ರಲ್ಲಿ ಮೆಲೋಡಿ ಗಾರ್ನಿಯೇ ಮತ್ತು ನಾರ್ಬರ್ಟ್ ಶ್ಮಿಟ್ 150 ಜೋಡಿಗಳಲ್ಲಿ ನಿಜವಾಗಿ ಎದುರಾಗುವ ಅರ್ಥಗಳನ್ನಷ್ಟೇ ಉಳಿಸಿಕೊಂಡು, 288ಕ್ಕೆ ಇಳಿಸಿದರು. ಜೋಡಿಗೆ ಸರಾಸರಿ ಎರಡೇ ಅರ್ಥ. ದಿನಕ್ಕೊಂದರಂತೆ ಹತ್ತು ತಿಂಗಳೊಳಗೆ ಮುಗಿಯುವ ಬಾಬತ್ತು. ಏಳು ವರ್ಷದ ವನವಾಸ ಹತ್ತು ತಿಂಗಳಿಗೆ ಇಳಿಯಿತು. ಆದರೂ ಉಳಿದ ಹನ್ನೆರಡು ಸಾವಿರದ ಗತಿ ಏನು ಎಂಬ ಪ್ರಶ್ನೆ ಹೋಗುವುದಿಲ್ಲ, ಯಾಕೆಂದರೆ ಓದುವಾಗ ಕಾಲಿಗೆ ತೊಡರುವುದು ಯಾವಾಗಲೂ ಆ ಉಳಿದವೇ.

ಇದು ಹೊಸ ಗೋಳಲ್ಲ. ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಈ ಜಾತಿಯ ಕ್ರಿಯಾಪದಗಳನ್ನು ಹೆಸರಿಸಿ, ಹೊರಗಿನವರಿಗೆ ಇವು ಬಲು ಕಷ್ಟ ಎಂದಿದ್ದರು. ಆದ್ದರಿಂದ ತಾನು ಶ್ರಮವಹಿಸಿ ಇವನ್ನು ಗುರುತು ಮಾಡಿದ್ದೇನೆ ಎಂದೂ ಹೇಳಿದ್ದರು. ಆ ನಿಘಂಟಿನಲ್ಲಿ 42,773 ನಮೂದುಗಳು. ಅವುಗಳಲ್ಲಿ ‘ಟೇಕ್’ ಒಂದಕ್ಕೇ 134 ಅರ್ಥ, ಐದು ಪುಟ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಪದಕ್ಕೆ 430 ಅರ್ಥಗಳು, 60,000 ಪದಗಳ ವಿವರಣೆ. ಒಂದು ಪದದ ಅರ್ಥ ಹೇಳಲು ಒಂದು ಕಾದಂಬರಿಯಷ್ಟು ಬರಹ. ಆಮೇಲೆ ಪರಿಷ್ಕರಣೆಯಲ್ಲಿ ‘ರನ್’ ಅದನ್ನೂ ಹಿಂದಿಕ್ಕಿತು: ಕ್ರಿಯಾಪದವಾಗಿ 645 ಅರ್ಥ. ಅದನ್ನು ವಿಂಗಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಮೂರು ನಾಲ್ಕು ಅಕ್ಷರದ ಈ ಪದಗಳು ಹೀಗೆ ಉಬ್ಬಿರುವುದರಲ್ಲಿ ಬಾಲಗಳ ಪಾಲು ದೊಡ್ಡದು.

ಹಳೆಯ ಇಂಗ್ಲಿಷಿನಲ್ಲಿ ಈ ಪುಟ್ಟ ಪದಗಳು ಅನೇಕ ಸಲ ಕ್ರಿಯಾಪದದ ಮುಂದುಗಡೆ ಅಂಟಿಕೊಳ್ಳುತ್ತಿದ್ದವು, ಜರ್ಮನ್ ಭಾಷೆಯಲ್ಲಿ ಇಂದಿಗೂ ಅಂಟಿಕೊಳ್ಳುವ ಹಾಗೆ. ಕಾಲಕ್ರಮದಲ್ಲಿ ಹಿಂದಕ್ಕೆ ಸರಿದವು. 1154ರ ತನಕದ ಸಂಗತಿ ದಾಖಲಿಸುವ ಪೀಟರ್‌ಬರೋ ಕ್ರಾನಿಕಲ್‌ನಲ್ಲಿ ‘ಗಿವ್ ಅಪ್’ನ ಹಳೆಯ ರೂಪ ಆಗಲೇ ಕಾಣಿಸುತ್ತದೆ. ಅಷ್ಟರಲ್ಲಿ, 1066ರ ನಾರ್ಮನ್ ದಂಡಯಾತ್ರೆಯ ಬೆನ್ನಿಗೆ, ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಹೊಳೆಯಾಗಿ ಬಂದವು. ಹೀಗೆ ಒಂದೇ ಕೆಲಸಕ್ಕೆ ಎರಡೆರಡು ಆಳುಗಳಾದರು. ಸಹಿಸುವುದಕ್ಕೆ ‘ಟಾಲರೇಟ್’ ಇದೆ, ‘ಪುಟ್ ಅಪ್ ವಿತ್’ ಇದೆ. ಆರಿಸುವುದಕ್ಕೆ ‘ಎಕ್ಸ್‌ಟಿಂಗ್ವಿಶ್’ ಇದೆ, ‘ಪುಟ್ ಔಟ್’ ಇದೆ. ಒಂದು ಕಚೇರಿಗೆ, ಇನ್ನೊಂದು ಅಡುಗೆಮನೆಗೆ.

ಈ ಅಡುಗೆಮನೆಯ ಪದಗಳ ಬಲವನ್ನು ಲೆಕ್ಕ ಕಟ್ಟಿ ದುಡಿಸಿಕೊಳ್ಳಲು ಹೊರಟವರು ಸಿ. ಕೆ. ಆಗ್ಡನ್. 1930ರಲ್ಲಿ ಅವರು ‘ಬೇಸಿಕ್ ಇಂಗ್ಲಿಷ್’ ಎಂಬ ಕಿರಿದಾದ ಇಂಗ್ಲಿಷನ್ನು ಲೋಕದ ಮುಂದಿಟ್ಟರು. ಒಟ್ಟು 850 ಪದ, ಒಂದೇ ಹಾಳೆಯಲ್ಲಿ ಅಚ್ಚು ಹಾಕಬಹುದು. ಅದರಲ್ಲಿ ಕ್ರಿಯಾಪದಗಳು ಕೇವಲ 18. ಇಷ್ಟರಲ್ಲಿ ಸಂಸಾರ ನಡೆಯುವುದು ಹೇಗೆ? ಬಾಲಗಳ ದಯೆಯಿಂದ. ಹತ್ತುವುದಕ್ಕೆ ‘ಕ್ಲೈಂಬ್’ ಬೇಡ, ‘ಗೋ ಅಪ್’ ಸಾಕು. ಇಳಿಯಲು ‘ಗೋ ಡೌನ್’. ಒಳಹೊಗಲು ‘ಎಂಟರ್’ ಬೇಡ, ‘ಗೋ ಇನ್’. ವಿನ್‌ಸ್ಟನ್ ಚರ್ಚಿಲ್ 1943ರ ಸೆಪ್ಟೆಂಬರ್ 6ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ಎತ್ತಿಹಿಡಿದು ಮಾತಾಡಿದರು. ಮರುವರ್ಷ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ‘ರಕ್ತ, ಕಣ್ಣೀರು, ಬೆವರು’ ಎಂಬ ನಿಮ್ಮ ಪ್ರಸಿದ್ಧ ಮಾತನ್ನು ಈ 850 ಪದಗಳಲ್ಲಿ ಹೇಳಲು ಹೋದರೆ ಬೆವರು ‘ಮುಖದ ನೀರು’ ಆಗುತ್ತದಲ್ಲ ಎಂದು ಅವರಿಗೆ ತಮಾಷೆಯಾಗಿ ಬರೆದರು. ತಮಾಷೆ ಇರಲಿ. ನನಗೆ ಕಾಣುವ ದೊಡ್ಡ ಮೋಸ ಬೇರೆ. 850 ಎಂಬ ಅಂಕಿ ಇಂಗ್ಲಿಷ್ ಹುಟ್ಟುಭಾಷೆಯಾದವನಿಗೆ ನಿಜ. ಹೊರಗಿನವನಿಗೆ ‘ಗೋ’, ‘ಪುಟ್’, ‘ಗೆಟ್’ ಬಾಲಗಳೊಂದಿಗೆ ಕೂಡಿ ಹುಟ್ಟಿಸುವ ನೂರಾರು ಜೋಡಿಗಳ ಕಲಿಕೆ ಇನ್ನೂ ಬಾಕಿ. ಅವನ್ನು ಆ ಹಾಳೆಯಲ್ಲಿ ಅಚ್ಚು ಹಾಕಿಲ್ಲ, ಅಷ್ಟೆ.

ನಮ್ಮ ವ್ಯಾಕರಣ ಪುಸ್ತಕಗಳು ಈ ಪದಗಳನ್ನು ಕ್ರಿಯಾಪದದ ಅಕಾರಾದಿಯಲ್ಲಿ ಜೋಡಿಸುತ್ತವೆ. ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಔಟ್, ಬ್ರೇಕ್ ಅಪ್, ಮುಂದಿನದು ಬ್ರಿಂಗ್. ನಾಲ್ಕಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಹಾಗಾಗಿ ಉರು ಹೊಡೆಯುವುದೊಂದೇ ದಾರಿ. ತಲೆಯನ್ನು ಬಿಟ್ಟು ಬಾಲವನ್ನು ಹಿಡಿದು ನೋಡಿದರೆ ಏನಾಗುತ್ತದೆ? ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೂಸನ್ ಲಿಂಡ್ನರ್ 1980ರ ದಶಕದ ಆರಂಭದಲ್ಲಿ ಮಾಡಿದ್ದು ಅದನ್ನೇ. ‘ಅಪ್’ ಮತ್ತು ‘ಔಟ್’, ಎರಡೇ ಬಾಲ. ಅವಕ್ಕೆ ಅಂಟಿದ ಜೋಡಿಗಳನ್ನು ಕಲೆಹಾಕಿದಾಗ ಸುಮಾರು 1,800 ಆಯಿತು. ಇವು ಬೇಕಾಬಿಟ್ಟಿ ಅಂಟಿದ್ದಲ್ಲ, ಬೆರಳೆಣಿಕೆಯ ಎಳೆಗಳಲ್ಲಿ ಪೋಣಿಸಬಹುದು ಎಂಬುದು ಅವರ ಪ್ರಬಂಧದ ವಾದ. 1989ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ಫ್ರೇಸಲ್ ವರ್ಬ್ ನಿಘಂಟು 3,000ಕ್ಕೂ ಹೆಚ್ಚು ಜೋಡಿ, 5,500ಕ್ಕೂ ಹೆಚ್ಚು ಅರ್ಥ ಕೊಟ್ಟು, ಕೊನೆಯಲ್ಲಿ ಬಾಲಗಳ ಪ್ರಕಾರ ಒಂದು ಸೂಚಿಯನ್ನೂ ಸೇರಿಸಿತು.

‘ಅಪ್’ನ ಎಳೆಗಳನ್ನು ಬಿಡಿಸಿ ನೋಡೋಣ. ಮೊದಲನೆಯದು ಸೀದಾ: ಮೇಲಕ್ಕೆ. ಸ್ಟ್ಯಾಂಡ್ ಅಪ್, ಲಿಫ್ಟ್ ಅಪ್. ರಾಶಿ ಹಾಕುತ್ತ ಹೋದರೆ ಎತ್ತರ ಏರುತ್ತದೆ, ಆದ್ದರಿಂದ ಹೆಚ್ಚಾಗುವುದೆಲ್ಲ ‘ಅಪ್’. ಸ್ಪೀಡ್ ಅಪ್, ಸೇವ್ ಅಪ್, ರೇಡಿಯೋ ಸದ್ದು ಏರಿಸಲು ಟರ್ನ್ ಅಪ್. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರ ಪುಸ್ತಕದಲ್ಲಿ ಈ ‘ಹೆಚ್ಚು ಎಂದರೆ ಮೇಲೆ’ ಎಂಬ ರೂಪಕವನ್ನು ವಿಸ್ತಾರವಾಗಿ ಹೇಳಿದ್ದಾರೆ. ಬೆಲೆ ಏರಿತು, ಜ್ವರ ಇಳಿಯಿತು ಅನ್ನುವ ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಕೊಡದಲ್ಲಿ ನೀರು ಏರುತ್ತ ಏರುತ್ತ ಕಂಠಕ್ಕೆ ಬಂದಾಗ ತುಂಬಿತು ಅನ್ನುತ್ತೇವೆ. ಅಲ್ಲಿಂದ ‘ಅಪ್’ಗೆ ‘ಪೂರ್ತಿ, ಚೂರೂ ಉಳಿಸದೆ’ ಎಂಬ ಅರ್ಥ ಬಂತು: ಫಿಲ್ ಅಪ್, ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಡ್ರೈ ಅಪ್. ಇನ್ನೊಂದು ಎಳೆ ಎದುರಿಗೆ ಬಂದು ನಿಲ್ಲುವುದರದ್ದು: ಕಮ್ ಅಪ್, ಟರ್ನ್ ಅಪ್, ಶೋ ಅಪ್. ಮತ್ತೊಂದು ಅಣಿ ಮಾಡುವುದರದ್ದು: ವಾರ್ಮ್ ಅಪ್, ಡ್ರೆಸ್ ಅಪ್, ಕ್ಲೀನ್ ಅಪ್. ಮೇಕಪ್ ಕೂಡ ಈ ಎಳೆಯದೇ. ಮುಚ್ಚಿ ಬಿಗಿಯುವುದಕ್ಕೆ ಲಾಕ್ ಅಪ್, ಟೈ ಅಪ್, ಬಟನ್ ಅಪ್, ರ‍್ಯಾಪ್ ಅಪ್. ನಮ್ಮ ಪ್ಯಾಕಪ್ ಇಲ್ಲಿ ಸೇರುತ್ತದೆ. ಚೂರುಚೂರು ಮಾಡುವುದಕ್ಕೆ ಕಟ್ ಅಪ್, ಟೇರ್ ಅಪ್, ಬ್ಲೋ ಅಪ್, ಹಾಸ್ಟೆಲಿನ ಬ್ರೇಕಪ್. ಏಳು ಎಳೆ ಆದವು. ಒಂದು ಬಾಲದ ನೂರಾರು ಜೋಡಿಗಳಲ್ಲಿ ಬಹುಪಾಲು ಈ ಏಳರಲ್ಲಿ ಎಲ್ಲೋ ಒಂದು ಕಡೆ ಕೂರುತ್ತವೆ.

ಇಲ್ಲೊಂದು ತಕರಾರು ಏಳಬೇಕು. ಕಟ್ಟುವುದಕ್ಕೂ ‘ಅಪ್’, ಹರಿಯುವುದಕ್ಕೂ ‘ಅಪ್’ ಎಂದರೆ ಏನು ನ್ಯಾಯ? ಸಮರ್ಥಿಸುವವರು ಹೇಳುವುದು ಹೀಗೆ: ಎರಡೂ ಕಡೆ ಕೆಲಸ ಕೊನೆ ಮುಟ್ಟಿದೆ, ಕಟ್ಟಿದ್ದು ಇನ್ನು ಬಿಚ್ಚದು, ಹರಿದದ್ದು ಇನ್ನು ಕೂಡದು. ಇದು ವಕೀಲರ ವಾದದಂತಿದೆ ಎಂದು ನನಗೂ ಅನ್ನಿಸುತ್ತಿತ್ತು, ಕನ್ನಡದ ‘ಹಾಕು’ ನೆನಪಾಗುವ ತನಕ. ಹರಿದುಹಾಕು. ಕಟ್ಟಿಹಾಕು. ಒಂದೇ ‘ಹಾಕು’, ಎದುರುಬದುರು ಕೆಲಸ. ಮುಂದುವರಿಸಿ ನೋಡಿ: ತಿಂದುಹಾಕು ಎಂದರೆ ಈಟ್ ಅಪ್. ಸುಟ್ಟುಹಾಕು ಎಂದರೆ ಬರ್ನ್ ಅಪ್. ಹಗರಣವನ್ನು ಮುಚ್ಚಿಹಾಕು ಎಂದರೆ ಕವರ್ ಅಪ್. ಅಗೆದುಹಾಕು ಎಂದರೆ ಡಿಗ್ ಅಪ್. ಕೂಡಿಹಾಕು ಎಂಬುದಕ್ಕಂತೂ ಎರಡು ಅರ್ಥ, ದುಡ್ಡು ಕೂಡಿಹಾಕಿದರೆ ಸೇವ್ ಅಪ್, ಮನುಷ್ಯನನ್ನು ಕೋಣೆಯಲ್ಲಿ ಕೂಡಿಹಾಕಿದರೆ ಲಾಕ್ ಅಪ್. ‘ಹಾಕು’ವಿನಲ್ಲಿ ಮೇಲೆ ಎಂಬ ಅರ್ಥ ಎಳ್ಳಷ್ಟೂ ಇಲ್ಲ. ಬೇರೆ ಕಡೆಯಿಂದ ಹೊರಟ ಎರಡು ಭಾಷೆಗಳು ಒಂದೇ ಕಡೆ ಬಂದು ಸೇರಿವೆ. ಎಲ್ಲ ಕಡೆಯೂ ತಾಳೆಯಾಗುವುದಿಲ್ಲ. ಸ್ಪೀಡ್ ಅಪ್‌ಗೆ ‘ಹಾಕು’ ಒಗ್ಗದು, ತೊಳೆದುಹಾಕಲು ಇಂಗ್ಲಿಷಿಗೆ ‘ಅವೇ’ ಬೇಕು. ಆದರೂ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಹುಡುಗನ ನಾಲಿಗೆಯ ಮೇಲೆ ಈ ಏರ್ಪಾಡು ಆಗಲೇ ಸಿದ್ಧವಾಗಿ ಕೂತಿದೆ, ಅದನ್ನು ಬಿಟ್ಟು ಅವನಿಗೆ ಅಕಾರಾದಿ ಪಟ್ಟಿ ಕೊಡುತ್ತೇವೆ.

ಕನ್ನಡದ ಲೆಕ್ಕವೂ ಚಿಕ್ಕದಲ್ಲ. ‘ಬರೆ’ ಎಂಬ ಒಂದೇ ಧಾತು ಹಿಡಿದರೆ ಬರೆದುಬಿಡು, ಬರೆದುಕೊ, ಬರೆದುಕೊಡು, ಬರೆದಿಡು, ಬರೆದುನೋಡು. ಬಿಡು, ಕೊಳ್ಳು, ಕೊಡು, ಇಡು, ನೋಡು, ಹಾಕು, ಹೋಗು ಎಂಬ ಏಳನ್ನು ದಿನಬಳಕೆಯ ಐನೂರು ಧಾತುಗಳಿಗೆ ಗುಣಿಸಿದರೆ 3,500 ಆಯಿತು, ಅಂಟದವನ್ನು ಕಳೆದರೂ ಸಾವಿರಗಟ್ಟಲೆ ಉಳಿಯುತ್ತವೆ. ಇವಕ್ಕೆಂದೇ ನಿಘಂಟು ಬೇಕೆಂದು ನಮಗೆ ಅನ್ನಿಸುವುದೇ ಇಲ್ಲ. ‘ಕೊಡು’ ಎಲ್ಲಿ ಅಂಟಿದರೂ ಇನ್ನೊಬ್ಬರಿಗಾಗಿ, ‘ಕೊಳ್ಳು’ ತನಗಾಗಿ; ಹೆಚ್ಚುಕಡಿಮೆ ಮಾತು ತಪ್ಪುವುದಿಲ್ಲ. ಇಂಗ್ಲಿಷಿನ ಬಾಲಗಳು ಅಷ್ಟು ನಂಬಿಗಸ್ತರಲ್ಲ.

‘ಔಟ್’ ನೋಡಿ. ನಕ್ಷತ್ರಗಳು ‘ಕಮ್ ಔಟ್’ ಆದರೆ ಕಾಣಿಸಿಕೊಂಡವು. ದೀಪ ‘ಗೋ ಔಟ್’ ಆದರೆ ಆರಿಹೋಯಿತು. ಫೈಂಡ್ ಔಟ್, ಪಾಯಿಂಟ್ ಔಟ್, ವರ್ಕ್ ಔಟ್ ಎಲ್ಲ ಬೆಳಕಿಗೆ ತರುತ್ತವೆ. ಡೈ ಔಟ್, ರನ್ ಔಟ್, ವೇರ್ ಔಟ್ ಎಲ್ಲ ಇಲ್ಲವಾಗಿಸುತ್ತವೆ. ಹೊರಗೆ ಎಂಬ ಒಂದೇ ದಿಕ್ಕು, ನೋಡುವವನು ನಿಂತ ಜಾಗ ಬೇರೆ. ಅಡಗಿದ್ದದ್ದು ಹೊರಬಂದರೆ ನಮ್ಮ ಕಣ್ಣಿಗೆ ಬೀಳುತ್ತದೆ, ನಮ್ಮ ಬಳಿ ಇದ್ದದ್ದು ಹೊರಹೋದರೆ ಕಣ್ಮರೆಯಾಗುತ್ತದೆ. ಇಲ್ಲಿಯವರೆಗೆ ಒಪ್ಪಬಹುದು. ಆದರೆ ‘ಸ್ಲೋ ಅಪ್’ ಎಂದರೂ ‘ಸ್ಲೋ ಡೌನ್’ ಎಂದರೂ ನಿಧಾನ ಮಾಡುವುದೇ. ಅರ್ಜಿಯನ್ನು ‘ಫಿಲ್ ಇನ್’ ಮಾಡಬಹುದು, ‘ಫಿಲ್ ಔಟ್’ ಮಾಡಬಹುದು. ಒಳಗೂ ಅದೇ, ಹೊರಗೂ ಅದೇ. ‘ಗೋ ಆಫ್’ ಇನ್ನೂ ಹುಚ್ಚು. ದೀಪ ‘ಗೋ ಆಫ್’ ಆದರೆ ಆರುತ್ತದೆ, ಅಲಾರಾಂ ‘ಗೋ ಆಫ್’ ಆದರೆ ಹೊಡೆದುಕೊಳ್ಳುತ್ತದೆ, ಬಾಂಬು ಸಿಡಿಯುತ್ತದೆ, ಹಾಲು ಕೆಡುತ್ತದೆ. ಬಾಲದ ತರ್ಕ ಇಂಥ ಕಡೆ ಆಗಿಹೋದದ್ದನ್ನು ವಿವರಿಸುತ್ತದೆ, ಬರುವುದನ್ನು ಹೇಳಿಕೊಡುವುದಿಲ್ಲ. ಕಲಿತದ್ದನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಅದು ಊರುಗೋಲು, ಅದನ್ನೇ ನಂಬಿ ಹೊಸ ವಾಕ್ಯ ಕಟ್ಟಲು ಹೋಗಬಾರದು.

‘ಟೇಕ್ ಆಫ್’ ಎಂಬ ಜೋಡಿಯ ಸುತ್ತ ಒಂದು ಭೀಕರ ದಾಖಲೆಯೇ ಇದೆ. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747: ಡಚ್ಚರ ಕೆಎಲ್‌ಎಂ, ಅಮೆರಿಕದ ಪ್ಯಾನ್ ಆಮ್. ಕೆಎಲ್‌ಎಂನ ಸಹಪೈಲಟ್ ರೇಡಿಯೋದಲ್ಲಿ ಹೇಳಿದ್ದು ‘ನಾವೀಗ ಅಟ್ ಟೇಕಾಫ್’. ವಿಮಾನ ಆಗಲೇ ಓಡತೊಡಗಿತ್ತು. ಕಂಟ್ರೋಲರ್ ಅರ್ಥ ಮಾಡಿಕೊಂಡದ್ದು, ಟೇಕಾಫ್ ಜಾಗದಲ್ಲಿ ನಿಂತು ಕಾಯುತ್ತಿದ್ದಾರೆ ಎಂದು. ಕಾಯಿರಿ ಎಂದು ಅವರು ಹೇಳಿದ ಮಾತು ಪ್ಯಾನ್ ಆಮ್‌ನ ದನಿಯೊಂದಿಗೆ ಡಿಕ್ಕಿ ಹೊಡೆದು ರೇಡಿಯೋದಲ್ಲಿ ಕೀರಲು ಸದ್ದಾಯಿತು. ಕೆಎಲ್‌ಎಂನಲ್ಲಿದ್ದ 248 ಮಂದಿಯೂ ಸತ್ತರು, ಪ್ಯಾನ್ ಆಮ್‌ನಲ್ಲಿ 335, ಒಟ್ಟು 583. ಅಪಘಾತಕ್ಕೆ ಕಾರಣಗಳು ಹಲವು, ಮಂಜು ಮತ್ತು ಅವಸರ ಅದರಲ್ಲಿ ದೊಡ್ಡವು. ಆದರೆ ಬಳಿಕ ಬಂದ ಬದಲಾವಣೆಗಳಲ್ಲಿ ಒಂದು ಈ ಪದಕ್ಕೇ ಸಂಬಂಧಿಸಿದ್ದು. ಇಂದು ವಿಮಾನದ ರೇಡಿಯೋದಲ್ಲಿ ‘ಟೇಕಾಫ್’ ಎಂಬುದನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಆಡಬೇಕು. ಉಳಿದೆಲ್ಲ ಹೊತ್ತಿನಲ್ಲೂ ‘ಡಿಪಾರ್ಚರ್’. ವಿಮಾನ ದುರಸ್ತಿಯ ಕೈಪಿಡಿಗಳಿಗೆಂದು ರೂಪಿಸಿದ ಸರಳ ತಾಂತ್ರಿಕ ಇಂಗ್ಲಿಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಸಾಮಾನ್ಯ ಪದಗಳು ಸುಮಾರು 900, ಪದಕ್ಕೊಂದೇ ಅರ್ಥ, ಎರಡು ಪದ ಸೇರಿಸಿ ಫ್ರೇಸಲ್ ವರ್ಬ್ ಮಾಡಬೇಡಿ ಎಂಬುದು ಅದರ ಲಿಖಿತ ನಿಯಮ.

ಕಲಿಯುವವರು ಯಾರ ಅಪ್ಪಣೆಯೂ ಇಲ್ಲದೆ ಇದೇ ನಿಯಮ ಪಾಲಿಸುತ್ತಾರೆ. ಹೀಬ್ರೂ ಮಾತಾಡುವ ವಿದ್ಯಾರ್ಥಿಗಳು ಫ್ರೇಸಲ್ ವರ್ಬುಗಳಿಂದ ತಪ್ಪಿಸಿಕೊಂಡು ಒಂಟಿ ಪದದ ಕಡೆ ಓಡುತ್ತಾರೆಂದು ಡಗುಟ್ ಮತ್ತು ಲಾಫರ್ 1985ರಲ್ಲಿ ತೋರಿಸಿದರು. ಹೀಬ್ರೂವಿನಲ್ಲಿ ಈ ಜಾತಿಯ ಕ್ರಿಯಾಪದ ಇಲ್ಲದಿರುವುದೇ ಕಾರಣವೆಂದರು. ಡಚ್ಚರಲ್ಲಿ ಅದು ಇದೆಯಲ್ಲ, ಅವರು ಓಡಬಾರದಿತ್ತು. 1989ರಲ್ಲಿ ಹುಲ್‌ಸ್ಟೈನ್ ಮತ್ತು ಮಾರ್ಚೆನಾ ನೋಡಿದರೆ ಅವರೂ ಕೆಲವು ಕಡೆ ನುಣುಚಿಕೊಳ್ಳುತ್ತಿದ್ದರು. ನಾವಂತೂ ಓಡುವುದರಲ್ಲಿ ನಿಸ್ಸೀಮರು. ನಮ್ಮ ಅರ್ಜಿಗಳಲ್ಲಿ ಸಭೆ ‘ಪೋಸ್ಟ್‌ಪೋನ್’ ಆಗುತ್ತದೆಯೇ ಹೊರತು ‘ಪುಟ್ ಆಫ್’ ಆಗುವುದಿಲ್ಲ. ಸಭೆಯನ್ನು ಗೊತ್ತಾದ ದಿನಕ್ಕಿಂತ ಮೊದಲಿಗೆ ತರಲು ‘ಬ್ರಿಂಗ್ ಫಾರ್ವರ್ಡ್’ ಅನ್ನಬೇಕಾದಲ್ಲಿ ಭಾರತೀಯರು ‘ಪ್ರಿಪೋನ್’ ಎಂಬ ಲ್ಯಾಟಿನ್ ವೇಷದ ಪದವನ್ನೇ ಚಲಾವಣೆಗೆ ತಂದರು. ಅದು ಒಳ್ಳೆಯ ಪದ. ಅದನ್ನು ನೋಡಿ ನಗುವವರು ನಗಲಿ.

ಹೀಗೆ ಬಾಲ ಕಂಡರೆ ಓಡುವ ನಾವೇ ಬೇಡದ ಕಡೆ ಬಾಲ ಹಚ್ಚುತ್ತೇವೆ. ‘ಕೋಪ್ ವಿತ್’ ಎಂದರೆ ಸಾಕಾದಲ್ಲಿ ‘ಕೋಪ್ ಅಪ್ ವಿತ್’ ಅನ್ನುತ್ತೇವೆ. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ ಎರಡೂ ಕಿವಿಯಲ್ಲಿರುವಾಗ ಮೂರನೆಯದಕ್ಕೆ ಯಾಕೆ ಪಕ್ಷಪಾತ ಎಂಬುದು ನಾಲಿಗೆಯ ನ್ಯಾಯ. ಶಿಕ್ಷಕರು ಕೆಂಪು ಗೆರೆ ಎಳೆಯುತ್ತಾರೆ, ಎಳೆಯಲೂಬೇಕು. ಆದರೆ ಅದನ್ನು ಬರೆದ ಹುಡುಗಿ ಬಾಲದ ಎಳೆಯನ್ನು ಸರಿಯಾಗಿಯೇ ಹಿಡಿದಿದ್ದಾಳೆ. ‘ಪಾಸೌಟ್’ ವಿಷಯ ಇನ್ನೊಂದು ಬಗೆ. ‘ನೀವು ಯಾವ ವರ್ಷ ಪಾಸೌಟ್?’ ಎಂದು ಇಂಜಿನಿಯರಿಂಗ್ ಮುಗಿಸಿದವನನ್ನು ಕೇಳುತ್ತೇವೆ. ಸೇನಾ ತರಬೇತಿ ಮುಗಿಸಿದವರ ‘ಪಾಸಿಂಗ್ ಔಟ್ ಪೆರೇಡ್’ನಲ್ಲಿ ಆ ಅರ್ಥ ಬ್ರಿಟಿಷರಲ್ಲೂ ಇದೆ. ಆದರೆ ಅಮೆರಿಕದ ಇಂಟರ್‌ವ್ಯೂನಲ್ಲಿ ‘ನಾನು 2018ರಲ್ಲಿ ಪಾಸೌಟ್ ಆದೆ’ ಎಂದರೆ ಎದುರಿಗಿದ್ದವನಿಗೆ ಕೇಳಿಸುವುದು, ಈತ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿದ್ದ ಎಂದು.

12,508 ಎಂಬ ಆ ಅಂಕಿಯನ್ನೂ ಗಟ್ಟಿ ಎಂದು ನಂಬುವಂತಿಲ್ಲ. ಅದು 1990ರ ದಶಕದ ಮೊದಲ ವರ್ಷಗಳಿಗೇ ನಿಂತ ಪಠ್ಯಗಳ ಎಣಿಕೆ, ಆಗ ಗೂಗಲ್ ಹುಟ್ಟಿಯೇ ಇರಲಿಲ್ಲ. ಬಾಲಗಳು ಅಂದಿನಿಂದ ಸುಮ್ಮನಿಲ್ಲ. ವಿಡಿಯೋ ಗೇಮ್ ಆಡುವ ಮಕ್ಕಳು ‘ಲೆವೆಲ್ ಅಪ್’ ಆಗುತ್ತಾರೆ. ಅಮೆರಿಕದ ಧಾರಾವಾಹಿಗಳಲ್ಲಿ ಪೊಲೀಸರು ಬಾಗಿಲು ತಟ್ಟಿದ ತಕ್ಷಣ ಆರೋಪಿ ‘ಲಾಯರ್ ಅಪ್’ ಆಗುತ್ತಾನೆ, ಅಂದರೆ ವಕೀಲರನ್ನು ಹಿಡಿದುಕೊಂಡು ಬಾಯಿ ಮುಚ್ಚುತ್ತಾನೆ. 2020ರಲ್ಲಿ ‘ಮಾಸ್ಕ್ ಅಪ್’ ಎಂಬುದು ಗೋಡೆ, ಪೋಸ್ಟರು, ಟೀವಿಗಳ ಮೇಲೆ ಹರಡಿತು. ಲಾಯರ್, ಮಾಸ್ಕ್, ಲೆವೆಲ್ ಮೂರೂ ಮೂಲದಲ್ಲಿ ನಾಮಪದಗಳು. ‘ಅಪ್’ ಅಂಟಿದ ಕ್ಷಣಕ್ಕೆ ಕ್ರಿಯಾಪದಗಳಾದವು. ನಿಘಂಟು ತೆರೆಯದೆ, ಮೇಷ್ಟ್ರನ್ನು ಕೇಳದೆ, ಇಂಗ್ಲಿಷ್ ಆಡುವ ಜನ ಅವನ್ನು ಮೊದಲ ಸಲ ಕೇಳಿದಾಗಲೇ ಅರ್ಥ ಮಾಡಿಕೊಂಡರು. ‘ಬಟನ್ ಅಪ್’ ಗೊತ್ತಿದ್ದವನಿಗೆ ‘ಮಾಸ್ಕ್ ಅಪ್’ ಹೊಸದಲ್ಲ.